ಚಾಲೂ ಐತೋ, ಬಂದ್ ಐತೋ

ಕಾರು ಕೊಳ್ಳುವ ವಿಚಾರ ನನ್ನ ತಲೆಯಲ್ಲಿ ಇರಲೇ ಇಲ್ಲ. ಧಾರವಾಡದ ಸಪ್ತಾಪುರದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ನೌಕರಿ, ನಡುವೆ ಚಿಗರಿ ಬಸ್ಸು. ಜುಬಿಲಿ ಸರ್ಕಲ್ಲಿನಲ್ಲಿ ಹತ್ತಿ ಕೂತು ಕಣ್ಣು ಮುಚ್ಚಿದರೆ ಉಣಕಲ್ಲಿಗೆ ಎಚ್ಚರಾಗುತ್ತದೆ. ಇಂಥ ಸುಖಿ ಮನುಷ್ಯನನ್ನು ಅಕ್ಕನ ಮಗ ಒಂದು ಭಾನುವಾರ ಗೋಕುಲ ರಸ್ತೆಗೆ ಎಳಕೊಂಡು ಹೋದ. ಅವನಿಗೆ ಹಳೇ ಆಲ್ಟೊ ಒಂದು ಬೇಕಿತ್ತು. “ಮಾಮಾ, ನೀ ಸುಮ್ನ ಬಾಜೂಕ ನಿಂದರು. ಬಿಳಿ ಕೂದಲ ನೋಡಿದ್ರ ರೇಟ್ ಇಳಸ್ತಾರ” ಅಂದಿದ್ದ. ನಿಂತೆ. ಅವನು ಆಲ್ಟೊದ ಬಾನೆಟ್ ಎತ್ತಿಸಿ ನೋಡುತ್ತಿದ್ದಾಗ ನನ್ನ ಕಣ್ಣು ಬೇವಿನ ಮರದ ಕೆಳಗೆ ನಿಂತಿದ್ದ ಬೆಳ್ಳಿ ಬಣ್ಣದ ಕಾರಿನ ಮೇಲೆ ಬಿತ್ತು. ಚೂಪು ಮೂತಿ, ಏರಿ ಇಳಿದ ಬೆನ್ನು, ಮೈಮೇಲೆಲ್ಲ ಕಾಗೆಯ ಪ್ರಸಾದ. ಓಟದ ಪಂದ್ಯಕ್ಕೆ ನಿಂತ ಆಮೆಯ ಹಾಗಿತ್ತು.

“ಟೊಯೋಟಾ ಪ್ರಿಯಸ್ ರೀ ಸರ.” ವ್ಯಾಪಾರಿ ಆಗಲೇ ನನ್ನ ಬೆನ್ನ ಹಿಂದಿದ್ದ. ಗಿರಾಕಿಯ ಕಣ್ಣು ಎಲ್ಲಿ ನಿಂತಿತು ಅನ್ನುವುದನ್ನು ಹಿಡಿಯುವುದರಲ್ಲಿ ಈ ಮಂದಿ ಸೀರೆ ಅಂಗಡಿಯವರನ್ನೂ ಮೀರಿಸುತ್ತಾರೆ. “ಫಾರೆನ್ ಮಾಲ್ ಐತಿ. ಈ ಕಂಪನಿ ಗಾಡಿ ಬಿಡದಿಯೊಳಗೂ ತಯಾರ ಆಗ್ತಾವ, ಆದ್ರ ಇದು ಅಲ್ಲಿದಲ್ಲ. ಇಡೀ ಗಾಡಿ ಜಪಾನಿನಿಂದ ಹಡಗದಾಗ ಬಂದೈತಿ. ಹೊಸಾದಿದ್ದಾಗ 25 ಲಕ್ಷದ ಮ್ಯಾಲ ಇತ್ರಿ. ನಿಮಗಂತ 4 ಲಕ್ಷ 40 ಸಾವಿರ.”

‘ನಿಮಗಂತ’ ಅನ್ನುವ ಮಾತಿಗೆ ಬುದ್ಧಿ ಇದ್ದವರು ಸೋಲಬಾರದು. ನಾನು ಸೋತೆ.

ಆ ರಾತ್ರಿ ಊಟ ಬಿಟ್ಟು ಓದಿದೆ. 1997ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಗಾಡಿ. ದೊಡ್ಡ ಪ್ರಮಾಣದಲ್ಲಿ ತಯಾರಾದ ಹೈಬ್ರಿಡ್ ಕಾರುಗಳಲ್ಲಿ ಜಗತ್ತಿಗೇ ಮೊದಲನೆಯದು. ಹೆಸರು ಲ್ಯಾಟಿನ್ ಭಾಷೆಯದು, ‘ಮುಂಚೆ’ ಅಂತ ಅರ್ಥವಂತೆ. ನಮ್ಮ ದೇಶಕ್ಕೆ ಬಂದದ್ದು 2010ರಲ್ಲಿ, ಗೋಕುಲ ರಸ್ತೆಯ ಬೇವಿನ ಮರದ ಕೆಳಗೆ ಬರಲು ಇನ್ನೂ ಹದಿನೈದು ವರ್ಷ. ಪೆಟ್ರೋಲಿನ ಎಂಜಿನ್ ಒಂದು, ಕರೆಂಟಿನ ಮೋಟರು ಒಂದು. ಸಾವಕಾಶ ಹೋಗುವಾಗ ಮೋಟರು ಎಳೆಯುತ್ತದೆ, ಜೋರು ಬೇಕಾದಾಗ ಎಂಜಿನ್ ಏಳುತ್ತದೆ. ಬ್ರೇಕ್ ಒತ್ತಿದರೆ ಓಡುವ ಗಾಡಿಯ ಶಕ್ತಿ ಕರೆಂಟಾಗಿ ಬ್ಯಾಟರಿಗೆ ಜಮಾ. ಪ್ಲಗ್ ಹಾಕಿ ಚಾರ್ಜ್ ಮಾಡುವಂತಿಲ್ಲ. ಇದನ್ನು ಹೆಂಡತಿಗೆ ಮೂರು ಸಲ ಹೇಳಿದೆ. “ಚಾರ್ಜಿಗೆ ಹಾಕದ ಬ್ಯಾಟರಿ ತುಂಬತೈತಿ ಅಂತ ನಿಮಗ ಹೇಳಿದವರು ಯಾರ್ರೀ?” ಅಂತ ಆಕೆ ಮೂರು ಸಲ ಕೇಳಿದಳು.

ಮುಂದಿನ ಭಾನುವಾರ ಟ್ರಯಲ್. ಕೂತೆ, ಬ್ರೇಕ್ ಮೇಲೆ ಕಾಲಿಟ್ಟು ಗುಂಡಿ ಒತ್ತಿದೆ. ಏನೂ ಆಗಲಿಲ್ಲ.

“ಚಾಲೂ ಆಗವಲ್ದು.”

“ಚಾಲೂ ಐತ್ರಿ ಸರ.”

“ಸಪ್ಪಳ ಇಲ್ಲಲ್ಲೋ?”

“ಅಲ್ಲಿ ಹಸರ ಅಕ್ಷರ ನೋಡ್ರಿ. ರೆಡಿ ಅಂತ ಬಂದೈತಿ.”

ಮೂವತ್ತು ವರ್ಷ ಗಾಡಿಯ ಮಾತನ್ನು ಕಿವಿಯಿಂದ ಕೇಳಿದವನು ನಾನು. ಈಗ ಕಣ್ಣಿಂದ ಓದು ಅಂದರೆ ಹೇಗೆ? ಗೇರಿನ ದಾಂಡಿಗೆ ಅಂತ ಹೆಬ್ಬೆರಳಿನಷ್ಟು ಉದ್ದದ ಕಡ್ಡಿ. ತಳ್ಳಿ ಬಿಟ್ಟರೆ ತಾನೇ ನಡುವಿಗೆ ಬಂದು ನಿಲ್ಲುತ್ತದೆ, ಹಾಕಿದ್ದು ಬಿತ್ತೋ ಇಲ್ಲವೋ ಅಂತ ಕೈಗೆ ತಿಳಿಯುವುದೇ ಇಲ್ಲ. ಕ್ಲಚ್ ಇಲ್ಲ ಅಂತ ಬಲಗಾಲಿಗೆ ಗೊತ್ತಿತ್ತು, ಎಡಗಾಲಿಗೆ ಗೊತ್ತಿರಲಿಲ್ಲ. ಹೊಸೂರು ಸರ್ಕಲ್ ಹತ್ತಿರ ಬಂದಾಗ ಅದು ರೂಢಿಯ ಪ್ರಕಾರ ಮುಂದೆ ಚಾಚಿ ಸಿಕ್ಕಿದ್ದನ್ನು ಪೂರ್ತಿ ತುಳಿಯಿತು. ಸಿಕ್ಕಿದ್ದು ಬ್ರೇಕು. ವ್ಯಾಪಾರಿಯ ಹಣೆ ಗಾಜಿಗೆ ನಮಸ್ಕಾರ ಮಾಡಿ ಬಂತು. ಹಿಂದಿನ ಆಟೋದವನು ನನ್ನ ವಂಶದ ಬಗ್ಗೆ ಎರಡು ಮಾತು ಹೇಳಿ ಪಕ್ಕದಿಂದ ಹೋದ. “ಈಗ ಬ್ಯಾಟರಿಗೆ ಭಾಳ ಜಮಾ ಆಗಿರಬೇಕಲ್ಲ?” ಅಂತ ಕೇಳಿದೆ. ಹಾಗೆ ಗಕ್ಕನೆ ಹಾಕಿದರೆ ಬ್ರೇಕಿನ ಪ್ಯಾಡು ಸವೆಯುವುದೇ ಹೆಚ್ಚು, ಜಮಾ ಕಡಿಮೆ, ಹಗೂರಕೆ ಒತ್ತಬೇಕು ಅಂತ ಹಣೆ ತಿಕ್ಕಿಕೊಳ್ಳುತ್ತ ಹೇಳಿದ.

ಸಿಗ್ನಲ್ಲಿನಲ್ಲಿ ಎಂಜಿನ್ ಸತ್ತಿತು. ಅಂದರೆ ನಾನು ಹಾಗೆ ತಿಳಿದೆ. ಕಾರು ನಿಂತಾಗ ಎಂಜಿನ್ ತಾನಾಗಿ ಮಲಗುತ್ತದೆ, ಉಳಿತಾಯ ಆಗುವುದೇ ಅಲ್ಲಿ. ಇದೆಲ್ಲ ಓದಿದ್ದೆ. ಆದರೆ ಹಿಂದೆ ಎಂಟು ಹಾರ್ನು ಕೂಗುವಾಗ ಓದಿದ್ದು ನೆನಪಿಗೆ ಬರುವುದಿಲ್ಲ. ಗಾಬರಿಯಲ್ಲಿ ಗುಂಡಿ ಒತ್ತಿ ಚಾಲೂ ಇದ್ದ ಗಾಡಿಯನ್ನು ಬಂದ್ ಮಾಡಿದೆ. ಮತ್ತೆ ಒತ್ತಿದೆ. ಅಷ್ಟರಲ್ಲಿ ಸಿಗ್ನಲ್ಲಿನ ಹಸಿರು ದೀಪ ಹೋಯಿತು.

ಇಷ್ಟಾದರೂ ಮನಸ್ಸು ಬಿಡಲಿಲ್ಲ. ಊರಿನ ಎಲ್ಲರೂ ಬೈಯುವ ಚೆನ್ನಮ್ಮ ಸರ್ಕಲ್ಲಿನ ಗದ್ದಲದಲ್ಲಿ ಸುಖವಾಗಿರುವ ಗಾಡಿ ಇದೊಂದೇ ಅನ್ನಿಸಿತು. ನಿಂತು ನಿಂತು ಹೋದಷ್ಟೂ ಇದಕ್ಕೆ ಲಾಭ. ಹತ್ತು ಸಾವಿರ ಮುಂಗಡ ಕೊಟ್ಟೆ. “ಮನಿಯವ್ರಿಗೆ ತೋರಿಸ್ರಿ, ನಾಳೆ ತಂದು ಬಿಡ್ರಿ” ಅಂದ ವ್ಯಾಪಾರಿ.

ಫೆಬ್ರವರಿ ತಿಂಗಳು. ವರ್ಷದ ಮಸಾಲಿ ಖಾರಕ್ಕೆ ಅಂತ ಬ್ಯಾಡಗಿ ಮೆಣಸಿನಕಾಯಿ ತಂದು ಅಂಗಳದಲ್ಲಿ ಹಾಸಿ, ಅವ್ವ ಒಬ್ಬಳೇ ಗೋಣಿಚೀಲದ ಮೇಲೆ ಕೂತು ತೊಟ್ಟು ಮುರಿಯುತ್ತಿದ್ದಳು. ಅವಳ ಪಕ್ಕದಲ್ಲಿ ಕಾರು ನಿಲ್ಲಿಸಿದೆ. ಇಳಿದು ಬಾಗಿಲು ಹಾಕಿದ ಕೂಡಲೇ ಅದು ಪೀಂ ಪೀಂ ಅಂತು. ಫಾರೆನ್ ಗಾಡಿ, ರೀತಿ ರಿವಾಜು ಇರುತ್ತದೆ, ಹೋಗಿ ಬರ್ರಿ ಅಂತಿರಬೇಕು ಅಂದುಕೊಂಡೆ. ನಾನೂ ಬಾನೆಟ್ ತಟ್ಟಿ ಒಳಗೆ ಹೋದೆ. ‘ಕೀಲಿ ಕಿಸೆಯಲ್ಲಿಟ್ಟುಕೊಂಡು ಹೊಂಟೀಯಲ್ಲೋ, ನನ್ನ ಬಂದ್ ಮಾಡೋ’ ಅಂತ ಅದು ಬೊಬ್ಬೆ ಹೊಡೆದದ್ದು ಅಂತ ಆಮೇಲೆ ತಿಳಿಯಿತು. ಎಸಿಯೂ ಹಚ್ಚಿದ್ದಂತೆಯೇ ಇತ್ತು.

ಹತ್ತು ನಿಮಿಷ ಆಗಿರಬೇಕು. ಚಹಾ ಬಸಿಯಲ್ಲಿ ಸುರುವಿಕೊಂಡಿದ್ದೆ. ಹೊರಗಿಂದ ಅವ್ವನ ದನಿ: “ಯಪ್ಪಾ! ಯಾರೂ ಇಲ್ಲೋ, ತಾನ ಎದ್ದತೋ!”

ಓಡಿ ಬಂದೆ. ಬಾಗಿಲು ಮುಚ್ಚಿದೆ, ಒಳಗೆ ನರಪಿಳ್ಳೆ ಇಲ್ಲ, ಎಂಜಿನ್ ಗುರ್ರ್ ಅಂತಿದೆ. ಎಸಿ ತಿಂದು ತಿಂದು ಬ್ಯಾಟರಿ ಇಳಿದಿತ್ತು, ಅದನ್ನು ತುಂಬಲು ಎಂಜಿನ್ ತಾನೇ ಎದ್ದಿತ್ತು. ಅದರ ಕೆಲಸ ಅದು ಮಾಡಿತು. ಅವ್ವ ಮಾತ್ರ ಮೆಣಸಿನಕಾಯಿ ರಾಶಿಯ ಆಚೆ ಗೋಡೆಗೆ ಅಂಟಿ ನಿಂತಿದ್ದಳು. ಎಂಬತ್ತೆರಡು ವರ್ಷದ ಅವ್ವ ಆ ರಾಶಿಯನ್ನು ಹೇಗೆ ದಾಟಿದಳೋ, ಒಂದು ಕಾಯಿಯೂ ತುಳಿದಿರಲಿಲ್ಲ.

ವಿವರಿಸಲು ನೋಡಿದೆ. “ಮಾಡಿದಂವಾ ಇಲ್ಲದ ಚಾಲೂ ಆಗೂದು ಗಾಡಿ ಅಲ್ಲ” ಅಂದಳು. ದೃಷ್ಟಿ ತೆಗೆಯಲು ಕೈಗೆ ಸಿಕ್ಕ ನಾಲ್ಕು ಬ್ಯಾಡಗಿ ಕಾಯಿ ಕಾರಿಗೆ ಇಳಿಸಿ ಒಲೆಗೆ ಹಾಕಿದಳು. ಘಾಟು ಬಂದು ಕೆಮ್ಮಿದರೆ ದೃಷ್ಟಿ ಇಲ್ಲ, ಬರದಿದ್ದರೆ ದೃಷ್ಟಿ ಇದೆ ಅಂತ ಲೆಕ್ಕ. ಬ್ಯಾಡಗಿ ಕಾಯಿಯ ಹೆಸರೇ ಬಣ್ಣಕ್ಕೆ, ಖಾರಕ್ಕಲ್ಲ. ಒಬ್ಬರೂ ಕೆಮ್ಮಲಿಲ್ಲ. ಮನೆ ಮಂದಿ ಎಲ್ಲರ ಎದುರು ದೃಷ್ಟಿ ಸಾಬೀತಾಯಿತು. ನಾನೊಬ್ಬನೇ ನ್ಯಾಯಕ್ಕೆ ಕೆಮ್ಮಿ ನೋಡಿದೆ, ಯಾರೂ ನಂಬಲಿಲ್ಲ. ಮುಂದಿನ ಬಂಪರಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದಾಯಿತು. ಕಪ್ಪು ದಾರ ಸಿಗಲಿಲ್ಲ ಅಂತ ನನ್ನ ಪೈಜಾಮದ ಹಸಿರು ಲಾಡಿಯಿಂದ ಕಟ್ಟಿದಳು.

ಮರುದಿನ ವಾಪಸ್ ಒಯ್ಯುವಾಗ ಕಾರವಾರ ರಸ್ತೆಯಲ್ಲಿ ನಮಗೆ ಗೊತ್ತಿದ್ದ ಮಿಸ್ತ್ರಿ ಚಾಚಾಗೆ ತೋರಿಸಿದೆ. ಹುಬ್ಬಳ್ಳಿಯ ಹಳೇ ಮಿಸ್ತ್ರಿಗಳ ಹಾಗೆ ಅವರೂ ಸ್ಕ್ರೂ ಡ್ರೈವರ್ ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗಿಟ್ಟು ರೋಗ ಹೇಳುವವರು. ಕಿವಿ ಇಟ್ಟರು. ಎಂಜಿನ್ ಮಲಗಿತ್ತು. ಕಾದರು. ಅದು ಏಳಲಿಲ್ಲ. ಸ್ಕ್ರೂ ಡ್ರೈವರ್ ಒರೆಸಿ ಒಳಗಿಟ್ಟು ಹಿಂದಿನ ಸೀಟಿಗೆ ಹೋದರು. ಸೀಟಿನ ಬದಿಗೆ ಜಾಳಿಗೆಯಂಥದೊಂದು ಕಿಂಡಿ. ಸೀಟಿನ ಹಿಂದಿರುವ ದೊಡ್ಡ ಬ್ಯಾಟರಿಗೆ ತಂಪು ಗಾಳಿ ಅಲ್ಲಿಂದಲೇ ಹೋಗಬೇಕು. ಎರಡು ಬೆರಳು ತೂರಿಸಿ ಅವರು ಎಳೆದದ್ದು ಒಂದು ಕೈವಸ್ತ್ರದಷ್ಟು ಅಗಲದ ಕಂಬಳಿ. ಧೂಳು, ಅದರಲ್ಲಿ ನೇಯ್ದ ಬಿಳಿ ಕೂದಲು.

“ನಾಯಿದು,” ಅಂದರು, ಬೆಳಕಿಗೆ ಹಿಡಿದು. “ದಿಲ್ಲಿ ನಂಬರಿನ ಗಾಡಿ ಅಲ್ರಿ, ಅಲ್ಲಿ ಸಾಹೇಬ್ರ ಹತ್ರ ನಾಯಿ ಇದ್ದಿರಬೇಕು. ಇಲ್ಲೇ ಕುಂದರ್ತಿತ್ತು.”

ಗಾಳಿ ಕಟ್ಟಿದರೆ ಬ್ಯಾಟರಿ ಕಾಯುತ್ತದೆ, ಕಾದರೆ ಆಯುಷ್ಯ ಇಳಿಯುತ್ತದೆ. “ಒಳಗ 28 ಡಬ್ಬಿ ಸಾಲಾಗಿ ಕುಂತಾವ. ಒಂದು ಮಂದ ಆತಂದ್ರ ಎಲ್ಲಾ ಅದರ ಹಿಂದನ ಹೋಗ್ತಾವ, ಕೂಡು ಕುಟುಂಬ ಇದ್ದಂಗ. ಕೇಸರಿ ವಾಯರ್ ಅದಾವಲ್ಲ, ಅವನ್ನ ನಾನಂತೂ ಮುಟ್ಟಾಂವಲ್ಲ. 200 ವೋಲ್ಟ್ ಐತ್ರಿ. ಹೆಸ್ಕಾಂ ಲೈನ್‌ಮನ್ ಕರೀಬೇಕಾಗತೈತಿ.” ಕಿಂಡಿ ಸ್ವಚ್ಛ ಮಾಡಿದ್ದಕ್ಕೆ 300 ರೂಪಾಯಿ ತಗೊಂಡರು.

ಆ ರಾತ್ರಿ ನೋಟ್‌ಬುಕ್ ತೆಗೆದೆ. ದಿನಕ್ಕೆ ಹೋಗಿ ಬರುವುದು 44 ಕಿಲೋಮೀಟರ್, 25 ದಿನಕ್ಕೆ 1100. ಸಾದಾ ಕಾರು ಲೀಟರಿಗೆ 14 ಕೊಟ್ಟರೆ 79 ಲೀಟರು, ಇದು 20 ಕೊಟ್ಟರೆ 55. ಲೀಟರಿಗೆ 100 ಅಂತ ಹಿಡಿದು ಮೇಲಿನ ಚಿಲ್ಲರೆ ಬಿಟ್ಟರೂ ತಿಂಗಳಿಗೆ 2400 ಉಳಿಯಿತು! ಕೆಂಪು ಪೆನ್ನಿಂದ ಎರಡು ಗೆರೆ ಎಳೆದೆ. ಹೆಂಡತಿ ಬಗ್ಗಿ ನೋಡಿ, “ನಿಮ್ಮ ಹತ್ರ ಆ ಸಾದಾ ಕಾರು ಎಲ್ಲೈತ್ರೀ?” ಅಂದಳು. ಚಿಗರಿಗೆ ಹೋಲಿಸಿ ಲೆಕ್ಕ ಹಾಕಿದರೆ ಉಳಿತಾಯ ಗೆರೆಯ ಆ ಕಡೆಗೆ ಹೋಗುತ್ತಿತ್ತು. ಅದಕ್ಕೇ ನಾನು ಹಾಕಿರಲಿಲ್ಲ.

ಕಾಗದ ಪತ್ರದ್ದು ಬೇರೆಯೇ ಕತೆ. ಗಾಡಿ 2011ರ ದಿಲ್ಲಿ ನೋಂದಣಿ. ಪೆಟ್ರೋಲ್ ಗಾಡಿಗೆ ಹದಿನೈದು ವರ್ಷ ತುಂಬಿದರೆ ಆಗ ದಿಲ್ಲಿ ರಸ್ತೆಯಲ್ಲಿ ಜಾಗವಿರಲಿಲ್ಲ. ಅದಕ್ಕೇ ಅವು ವಯಸ್ಸಾಗುವ ಮುಂಚೆ ತಂಪು ಊರು ಹುಡುಕಿಕೊಂಡು ನಮ್ಮ ಕಡೆ ಬರುತ್ತಿದ್ದವು, ಪೆನ್ಶನ್ ಆದವರ ಹಾಗೆ. ಅಲ್ಲಿಂದ ಎನ್‌ಒಸಿ ಬರಬೇಕು, ಇಲ್ಲಿ ಮತ್ತೆ ಆಜೀವ ತೆರಿಗೆ ಕಟ್ಟಬೇಕು, ಕಟ್ಟಿ ವರ್ಷ ತುಂಬುವುದರೊಳಗೆ ಹದಿನೈದಾಗಿ ಆರ್‌ಸಿ ನವೀಕರಿಸಬೇಕು. ‘ಆಜೀವ’ ಅನ್ನುವುದು ಯಾರ ಜೀವ ಅಂತ ವ್ಯಾಪಾರಿಯನ್ನು ಕೇಳಿದೆ. ನಕ್ಕ. ಮುಂಗಡದಲ್ಲಿ 500 ಮುರಿದುಕೊಂಡು ಉಳಿದದ್ದು ವಾಪಸ್ ಕೊಟ್ಟ.

ಒಂದು ವಾರಕ್ಕೆ ಅಕ್ಕನ ಮಗ ಫೋನ್ ಮಾಡಿದ. “ಮಾಮಾ, ಅದು ಮಾರಾಟ ಆತು. ನಾಕು ಐವತ್ತೈದಕ್ಕ. ಬ್ಯಾಟರಿ ಸರ್ವಿಸ್ ಆಗೈತಿ ಅಂತ ಹೇಳಿ ಹದಿನೈದು ಸಾವಿರ ಏರಿಸಿದ್ನಂತ.” ನನ್ನ 300 ರೂಪಾಯಿ.

ಮೊನ್ನೆ ಸಂಜೆ ಚಿಗರಿಯಲ್ಲಿ ನಿಂತು ಮನೆಗೆ ಬರುತ್ತಿದ್ದೆ. ನವನಗರದ ಸಿಗ್ನಲ್ಲಿನಲ್ಲಿ ಕಿಟಕಿಯ ಆಚೆ ಬೆಳ್ಳಿ ಬಣ್ಣದ ಚೂಪು ಮೂತಿ. ಬಂಪರಿನಲ್ಲಿ ಒಣಗಿದ ಲಿಂಬೆಹಣ್ಣು, ಹಸಿರು ಲಾಡಿ. ಸಿಗ್ನಲ್ ಬಿಟ್ಟಿತ್ತು, ಹಿಂದೆ ಹಾರ್ನು ಶುರುವಾಗಿದ್ದವು. ಒಳಗೆ ನನ್ನದೇ ವಯಸ್ಸಿನವರೊಬ್ಬರು ಬೆವೆತು ಗುಂಡಿ ಒತ್ತುತ್ತಿದ್ದರು, ಮತ್ತೆ ಒತ್ತುತ್ತಿದ್ದರು.

“ಚಾಲೂ ಐತ್ರಿ ಸರ, ಮುಟ್ಟಬ್ಯಾಡ್ರಿ!” ಅಂತ ಕೂಗಬೇಕು ಅನ್ನಿಸಿತು. ಚಿಗರಿ ಎಸಿ ಬಸ್ಸು, ಕಿಟಕಿ ತೆಗೆಯಂಗಿಲ್ಲ. ಗಾಜು ಬಡಿದೆ. ಅವರು ತಲೆ ಎತ್ತಿ ನೋಡಿ, ಯಾರೋ ಗುರುತಿನವರು ಅಂತ ತಿಳಿದು ಕೈ ಬೀಸಿದರು.