ಗುಂಡಿಗೆ ತಕ್ಕ ಗುಂಡಿ

ದೆಹಲಿಯ ರಸ್ತೆಯಲ್ಲಿ ಹತ್ತು ವರ್ಷ ತುಂಬಿದ ಡೀಸೆಲ್ ಗಾಡಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲೇ ಹೇಳಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿತ್ತು. 2025ರ ಜುಲೈ 1ರಿಂದ ಅಂತಹ ಗಾಡಿಗೆ ಬಂಕಿನಲ್ಲಿ ಡೀಸೆಲ್ ಹಾಕಕೂಡದೆಂದು ಅಪ್ಪಣೆಯಾದಾಗ, ಅಲ್ಲಿನ ಸಾಹುಕಾರರು ತಮ್ಮ ದೈತ್ಯ ಆಫ್‌ರೋಡ್ ಗಾಡಿಗಳನ್ನು ಬಂದಷ್ಟಕ್ಕೆ ಮಾರಿದ ಕಥೆ ತಮಗೆಲ್ಲ ತಿಳಿದದ್ದೇ. ಆ ಪೈಕಿ ಒಂದು ಈಗ ನಮ್ಮ ಷಡ್ಡಕರ ಮನೆಯ ಮುಂದೆ ನಿಂತಿದೆ. ನಿಂತಿದೆ ಎನ್ನುವುದಕ್ಕಿಂತ ಕೂತಿದೆ ಎನ್ನುವುದು ಸರಿ. ಏಕೆಂದರೆ ಅದರ ಗಾಳಿ ತುಂಬಿದ ಸಸ್ಪೆನ್ಷನ್ ರಾತ್ರಿಯೆಲ್ಲ ಸೋರಿ, ಬೆಳಗಾಗುವಷ್ಟರಲ್ಲಿ ಅದು ಕೆರೆ ಕಂಡ ಎಮ್ಮೆಯಂತೆ ಹೊಟ್ಟೆಯನ್ನು ನೆಲಕ್ಕೆ ತಾಗಿಸಿಕೊಂಡಿರುತ್ತದೆ. ಷಡ್ಡಕರು ಇಂಜಿನ್ ಚಾಲೂ ಮಾಡಿ, ಕಂಪ್ರೆಸರ್ ಗುರುಗುಟ್ಟಿ ಅದನ್ನು ಅಂಗುಲ ಅಂಗುಲವಾಗಿ ಎಬ್ಬಿಸುವವರೆಗೆ ಪೇಪರ್ ಓದಿ ಮುಗಿಸುತ್ತಾರೆ.

ದೆಹಲಿಯಲ್ಲಿ ವಿಷವಾಗಿದ್ದ ಹೊಗೆ, ಎನ್‌ಒಸಿ ಎಂಬ ನಿರಾಕ್ಷೇಪಣಾ ಪತ್ರ ಹಿಡಿದು ವಿಂಧ್ಯ ದಾಟಿದೊಡನೆ ಪರಿಶುದ್ಧವಾಗುವ ಈ ಪವಾಡಕ್ಕೆ ನಾವು ಕೃತಜ್ಞರಾಗಿರಬೇಕು. ಅಲ್ಲಿನ ಸರ್ಕಾರ ಮರಣಪತ್ರ ಬರೆದ ಗಾಡಿಗೆ ನಮ್ಮ ಸರ್ಕಾರ ಕೇಳುವುದು ಜೀವಿತಾವಧಿ ತೆರಿಗೆ. ಬೆಲೆ 20 ಲಕ್ಷ ಮೀರಿದ ಹೊಸ ಗಾಡಿಗೆ ಅದು ನೂರಕ್ಕೆ 18. ಹಳೆಯದಾದರೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ ನಿಜ. ಆದರೆ ಲೆಕ್ಕ ಶುರುವಾಗುವುದು ಷಡ್ಡಕರು ಕೊಟ್ಟ ಬೆಲೆಯಿಂದಲ್ಲ, ಗಾಡಿ ಮದುವಣಗಿತ್ತಿಯಾಗಿದ್ದ ಕಾಲದ ಬೆಲೆಯಿಂದ. ಆ ಮೊತ್ತ ಕೇಳಿದ ದಿನ ನಮ್ಮ ನಾದಿನಿ ಅಡುಗೆ ಮಾಡಲಿಲ್ಲ.

ಗಾಡಿಯ ಒಳಗೊಂದು ತಿರುಗಿಸುವ ಗುಂಡಿಯಿದೆ. ಕೆಸರು, ಮರಳು, ಬಂಡೆ, ಹಿಮ ಎಂದು ಅದರ ಮೇಲೆ ಚಿತ್ರಗಳಿವೆ. ಕೆಸರು, ಮರಳು, ಬಂಡೆ ಈ ಮೂರೂ ನಮ್ಮ ಬಡಾವಣೆಯ ಎರಡನೇ ಅಡ್ಡರಸ್ತೆಯೊಂದರಲ್ಲೇ ಸಿಗುವುದರಿಂದ ಅವುಗಳ ಬಗ್ಗೆ ತಕರಾರಿಲ್ಲ. ಹಿಮ ಯಾತಕ್ಕೆ ಎಂದು ನಾನು ಕೇಳಿದ್ದೆ. ಅವರು ವರ್ತೂರು ಕೆರೆಯ ನೊರೆ ಗಾಳಿಗೆ ಹಾರಿ ರಸ್ತೆಯನ್ನು ಮುಚ್ಚುತ್ತಿದ್ದ ದಿನಗಳನ್ನು ನೆನಪಿಸಿ ನನ್ನ ಬಾಯಿ ಮುಚ್ಚಿಸಿದರು. ಹಾಗಾದರೆ ಪಕ್ಕದ ಬೆಳ್ಳಂದೂರು ಕೆರೆ ಹೊತ್ತಿ ಉರಿದಂತಹ ದಿನಕ್ಕೆ ಬೆಂಕಿಯ ಚಿತ್ರವೂ ಇರಬೇಕಿತ್ತಲ್ಲ? ನೀರಿಗೆ ಬೆಂಕಿ ಬೀಳುವ ಊರೊಂದಿದೆ ಎಂದು ಗಾಡಿ ಮಾಡಿದವರಿಗೆ ಯಾರೂ ಹೇಳಿರಲಿಕ್ಕಿಲ್ಲ. ಅಷ್ಟಾಗಿಯೂ 2022ರ ಸೆಪ್ಟೆಂಬರಿನ ಮಳೆಯಲ್ಲಿ ಕೋಟಿ ಬೆಲೆಯ ಕಾರುಗಳು ಬಂಗಲೆಗಳ ಮುಂದೆ ಮುಳುಗಿದ್ದಾಗ, ಸಾಫ್ಟ್‌ವೇರ್ ಇಂಜಿನಿಯರುಗಳನ್ನು ಕಚೇರಿಗೆ ಮುಟ್ಟಿಸಿದ್ದು ಯಾವ ಗುಂಡಿಯೂ ಇಲ್ಲದ ಟ್ರ್ಯಾಕ್ಟರ್.

ಒಂದು ಗುಂಡಿಯಿಂದ ಇನ್ನೊಂದು ಗುಂಡಿಗೆ ಇಳಿಯೋಣ. ರಸ್ತೆಯೇ ಇಲ್ಲದ ಕಡೆ ಹೋಗಲೆಂದು ಮಾಡಿದ ಗಾಡಿಯನ್ನು ರಸ್ತೆಯ ಮೇಲೆ ಹೋಗಲಿಕ್ಕೆ ಕೊಳ್ಳುವುದು ಬೆಂಗಳೂರಿನಲ್ಲಿ ಶೋಕಿಯಲ್ಲ, ವಿವೇಕ ಎಂದು ಷಡ್ಡಕರು ವಾದಿಸುತ್ತಾರೆ. ವಾದ ಗಟ್ಟಿಯಾಗಿದೆ. ಆದರೆ ಗುಂಡಿಗೆ ಬಿದ್ದು ಸಾಯುವವರು ಈ ಗಾಡಿಯವರಲ್ಲ, ಬೈಕಿನವರು. ಮಳೆಗಾಲ ಬಂದಾಗಲೆಲ್ಲ ಗಡುವು ಕೊಡುತ್ತಾರೆ, ಜಲ್ಲಿ ಸುರಿಯುತ್ತಾರೆ, ಮುಂದಿನ ಮಳೆಗೆ ಆ ಜಲ್ಲಿಯೇ ಇನ್ನೊಬ್ಬನ ಚಕ್ರ ಜಾರಿಸುತ್ತದೆ. ಬೈಕಿನವನೂ ತೆರಿಗೆ ಕಟ್ಟಿಯೇ ರಸ್ತೆಗೆ ಇಳಿದಿರುತ್ತಾನೆ. ಇದರಲ್ಲಿ ನಗುವಂಥದ್ದು ನನಗೇನೂ ಕಾಣುತ್ತಿಲ್ಲ.

ಇತ್ತ 2025ರ ಆಗಸ್ಟ್ 12ರಂದು, ಹಳೆಯ ಗಾಡಿಗಳ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದು ಸುಪ್ರೀಂ ಕೋರ್ಟ್ ಹೇಳಿತು. ಡಿಸೆಂಬರಿನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಎಂಬ ಹೊಗೆ ಮಾನದಂಡದ ಮತ್ತು ಅದಕ್ಕಿಂತ ಹೊಸ ಮಾನದಂಡದ ಗಾಡಿಗಳಿಗೆ ಸೀಮಿತಗೊಳಿಸಿತು. ಷಡ್ಡಕರದ್ದು ಬಿಎಸ್-4. ಎಂದರೆ ಜುಲೈಯಲ್ಲಿ ಹೆಣದ ಬೆಲೆಗೆ ಬಂದದ್ದು ದೆಹಲಿಯಲ್ಲೇ ಉಳಿದಿದ್ದರೆ ಇಂದಿಗೂ ಜೀವಂತ. ಮಾರಿದವರು ಫೋನ್ ಮಾಡಿ ತಮ್ಮ ಗಾಡಿಯ ಕ್ಷೇಮಸಮಾಚಾರ ವಿಚಾರಿಸಿದರಂತೆ. ವಾಪಸು ಕೊಡುತ್ತೀರಾ ಎಂದು ಮಾತ್ರ ಕೇಳಲಿಲ್ಲವಂತೆ.

ಕಳೆದ ಶನಿವಾರ ಗಾಡಿ ಎದ್ದೇಳಲೇ ಇಲ್ಲ. ಕಂಪ್ರೆಸರ್ ಕೈಕೊಟ್ಟಿತ್ತು. ಹೊಸದರ ಬೆಲೆಯಲ್ಲಿ ನನ್ನ ಸ್ಕೂಟರ್ ಬರುತ್ತದೆಂದು ಗ್ಯಾರೇಜಿನವನು ಹೇಳಿದ್ದರಿಂದ, ಸೆಕೆಂಡ್‌ಹ್ಯಾಂಡ್ ಹುಡುಕಲು ಇಬ್ಬರೂ ಅದೇ ಸ್ಕೂಟರಿನಲ್ಲಿ ಜೆ.ಸಿ. ರಸ್ತೆಗೆ ಹೊರಟೆವು. ಷಡ್ಡಕರು ಹಿಂದೆ ಕೂತು ನನ್ನ ಭುಜ ಹಿಡಿದಿದ್ದರು. ಮಿನರ್ವ ಸರ್ಕಲ್ ಬರುವವರೆಗೆ ಅವರು ಆಡಿದ ಮಾತು ಒಂದೇ: “ಮೆಲ್ಲಗೆ ರೀ, ಮುಂದೆ ಗುಂಡಿ ಇದೆ.”