ಆ ತಾತ ಯಾರ ತಾತ?

ನಿನ್ನೆ ರಾತ್ರಿಯಿಂದ ಮನಸ್ಸು ಸರಿ ಇಲ್ಲ. ಇದನ್ನು ಬರೆದು ಬಿಡುತ್ತೇನೆ, ಇಲ್ಲದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ.

ನನ್ನ ಅಕ್ಕನ ಮಗಳು ಐಇಎಲ್‌ಟಿಎಸ್‌ಗೆ ಓದುತ್ತಿದ್ದಾಳೆ ಅಂತ ಹಿಂದೊಮ್ಮೆ ಬರೆದಿದ್ದೆನಲ್ಲ, ಅವಳದೇ ವಿಷಯ. ವಿದೇಶದಲ್ಲಿ ಓದಲು, ಕೆಲಸ ಮಾಡಲು ಕೇಳುವ ಇಂಗ್ಲಿಷ್ ಪರೀಕ್ಷೆ ಅದು. ಲಿಸನಿಂಗ್, ರೀಡಿಂಗ್, ರೈಟಿಂಗ್, ಸ್ಪೀಕಿಂಗ್ ಅಂತ ನಾಲ್ಕು ವಿಭಾಗ. ಪರೀಕ್ಷೆಗೆ ಇನ್ನು ಮೂರು ವಾರ ಇದೆ. ನಿನ್ನೆ ಅವರ ಮನೆಗೆ ಹೋದಾಗ ರೂಮಿನ ಬಾಗಿಲು ಹಾಕಿಕೊಂಡು ಸ್ಪೀಕಿಂಗ್ ಅಭ್ಯಾಸ ಮಾಡುತ್ತಿದ್ದಳು. ನಾನು ಹೊರಗೇ ನಿಂತು ಕೇಳಿಸಿಕೊಂಡೆ. 'ನಿಮ್ಮ ಮೇಲೆ ಪ್ರಭಾವ ಬೀರಿದ ಒಬ್ಬ ಹಿರಿಯರ ಬಗ್ಗೆ ಹೇಳಿ' ಅನ್ನುವ ಕ್ಯೂ ಕಾರ್ಡ್, ಅಂದರೆ ಮಾತಾಡಬೇಕಾದ ವಿಷಯ ಬರೆದಿರುವ ಚೀಟಿ. ಅವಳು ತಾತನ ಬಗ್ಗೆ ಹೇಳುತ್ತಿದ್ದಳು. ನನ್ನ ತಾತ ನಿವೃತ್ತ ಪ್ರೊಫೆಸರ್, ದಿನಾ ಬೆಳಗ್ಗೆ ಐದಕ್ಕೆ ಎದ್ದು ವಾಕಿಂಗ್ ಹೋಗುತ್ತಿದ್ದರು, ಅವರ ಹತ್ತಿರ ದೊಡ್ಡ ಲೈಬ್ರರಿ ಇತ್ತು, ನನಗೆ ಶಿಸ್ತು ಕಲಿಸಿದವರೇ ಅವರು. ಎಲ್ಲೂ ತಡವರಿಸಲಿಲ್ಲ. ನೀರು ಕುಡಿದ ಹಾಗೆ ಹೇಳಿ ಮುಗಿಸಿದಳು.

ಅವಳ ತಾತ ಅಂದರೆ ನನ್ನ ಅಪ್ಪ. ನನ್ನ ಅಪ್ಪ ಟೈಲರ್ ಆಗಿದ್ದರು. ನಿಮ್ಮಲ್ಲಿ ಅರ್ಧ ಜನಕ್ಕೆ ಅದು ಗೊತ್ತು, ಕೆಲವರು ಅವರು ಹೊಲಿದ ಬಟ್ಟೆ ಹಾಕಿಕೊಂಡವರೂ ಇದ್ದೀರಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಈ ಹುಡುಗಿ ಅವರ ಹೊಲಿಗೆ ಮೆಷಿನ್ ಪಕ್ಕದಲ್ಲೇ ಕೂತು, ಬಟ್ಟೆಯ ಚೂರುಗಳಲ್ಲಿ ಆಡಿಕೊಂಡು ಬೆಳೆದವಳು.

ಬಾಗಿಲು ತೆಗೆದು ಒಳಗೆ ಹೋಗಿ ಕೇಳಿದೆ. "ಆ ತಾತ ಯಾರ ತಾತ ಕಣೆ?"

"ಚಿಕ್ಕಮ್ಮಾ, ಇದು ಸ್ಯಾಂಪಲ್ ಆನ್ಸರ್. ಕ್ಲಾಸಲ್ಲಿ ಕೊಟ್ಟಿದ್ದಾರೆ. ಇಂಥವು ನಲವತ್ತು ಇವೆ. ಎಲ್ಲ ಬಾಯಿಪಾಠ ಮಾಡಿದ್ರೆ ಯಾವ ಕಾರ್ಡ್ ಬಂದರೂ ಒಂದಕ್ಕೆ ಹೊಂದಿಸಬಹುದಂತೆ."

"ಸರಿ. ನಿನ್ನ ತಾತ ಯಾವ ಸಬ್ಜೆಕ್ಟ್ ಪಾಠ ಮಾಡುತ್ತಿದ್ದರು?" ಅಂತ ಇಂಗ್ಲಿಷಿನಲ್ಲಿ ಕೇಳಿದೆ.

ಅವಳು ಸುಮ್ಮನಾದಳು. ನಿಜವಾಗಲೂ ಒಂದು ಮಾತೂ ಬರಲಿಲ್ಲ. ಎರಡು ನಿಮಿಷ ಅಷ್ಟು ಚೆನ್ನಾಗಿ ಮಾತಾಡಿದ ಹುಡುಗಿ, ಒಂದು ಸಣ್ಣ ಪ್ರಶ್ನೆಗೆ ಬಾಯಿ ಬಿಡಲಾಗದೆ ಕೂತಳು.

ಪರೀಕ್ಷೆಯಲ್ಲೂ ಆಗುವುದು ಇದೇ. ಸ್ಪೀಕಿಂಗ್ ಒಟ್ಟು 11ರಿಂದ 14 ನಿಮಿಷ. ಎದುರಿಗೆ ಪರೀಕ್ಷಕರು ಕೂತಿರುತ್ತಾರೆ. ಕ್ಯೂ ಕಾರ್ಡ್ ಅದರ ಮಧ್ಯದ ಒಂದು ಭಾಗ ಅಷ್ಟೇ. ಒಂದು ನಿಮಿಷ ಯೋಚಿಸಲು ಕೊಡುತ್ತಾರೆ, ಒಂದರಿಂದ ಎರಡು ನಿಮಿಷ ಮಾತಾಡಬೇಕು. ಅದಾದ ಮೇಲೆ ಅದರ ಬಗ್ಗೆಯೇ ಒಂದೋ ಎರಡೋ ಪ್ರಶ್ನೆ ಬರಬಹುದು. ಮೂರನೇ ಭಾಗದಲ್ಲಿ ನಾಲ್ಕೈದು ನಿಮಿಷ ಅದೇ ವಿಷಯವನ್ನು ಹಿಡಿದು ಇನ್ನೂ ಆಳಕ್ಕೆ ಹೋಗುತ್ತಾರೆ. ಹಿರಿಯರಿಂದ ಕಿರಿಯರು ಏನು ಕಲಿಯಬಹುದು, ಕಾಲ ಹೇಗೆ ಬದಲಾಗಿದೆ, ಹೀಗೆ. ನಲವತ್ತು ಉತ್ತರ ಬಾಯಿಪಾಠ ಮಾಡಿದವರಿಗೆ ನಲವತ್ತೊಂದನೇ ಪ್ರಶ್ನೆ ಅಲ್ಲಿ ಕಾದಿರುತ್ತದೆ. ನೀರಿನಂತೆ ಓಡುತ್ತಿದ್ದ ಮಾತು ಫಟ್ ಅಂತ ನಿಂತಾಗ, ಹಿಂದಿನದೆಲ್ಲ ಎಲ್ಲಿಂದ ಬಂತು ಅಂತ ದಿನಾ ಇದನ್ನೇ ಕೇಳುವ ಪರೀಕ್ಷಕರಿಗೆ ಗೊತ್ತಾಗದೇ ಇರುತ್ತದೆಯೇ?

ನನಗೆ ಸಿಟ್ಟು ಬಂದಿದ್ದು ಅವಳ ಮೇಲಲ್ಲ. ಆದರೂ ಅವಳ ಮೇಲೆ ಕೂಗಾಡಿದೆ. ತಪ್ಪು ನನ್ನದು. ರಾತ್ರಿ ಮನೆಗೆ ವಾಪಸ್ ಬಂದ ಮೇಲೆ ಫೋನ್ ಮಾಡಿ ಸಾರಿ ಕೇಳಿದೆ. ನನಗೆ ನಿಜವಾಗಿ ಸಿಟ್ಟಿರುವುದು ಒಂದು ಯುವ ಜೀವದ ಕೈಗೆ ಬೇರೆ ಯಾರದೋ ತಾತನನ್ನು ಕೊಟ್ಟು, 'ಇವರು ನಿನ್ನ ತಾತನಿಗಿಂತ ಪರೀಕ್ಷೆಗೆ ಜಾಸ್ತಿ ಉಪಯೋಗಕ್ಕೆ ಬರುತ್ತಾರೆ' ಅಂತ ನಂಬಿಸುವ ಈ ಪದ್ಧತಿಯ ಮೇಲೆ.

ನಾನು ಈ ಪರೀಕ್ಷೆಯನ್ನು ಎರಡು ಸಲ ಬರೆದವಳು ಅಂತ ನಿಮಗೆ ಗೊತ್ತು. ಮೊದಲನೇ ಸಲ ಏನಾಯಿತು ಅಂತ ಮಾತ್ರ ಯಾರಿಗೂ ಪೂರ್ತಿ ಹೇಳಿಲ್ಲ. ಇಲ್ಲಿ ಅಂಕಕ್ಕೆ ಬ್ಯಾಂಡ್ ಅನ್ನುತ್ತಾರೆ, ಪ್ರತಿ ವಿಭಾಗದಲ್ಲೂ 9ಕ್ಕೆ 7 ಬೇಕಿತ್ತು. ರೈಟಿಂಗ್‌ನಲ್ಲಿ 6 ಬಂತು. ಮನೆಯವರಿಗೆ 'ಟೈಮ್ ಸಾಲಲಿಲ್ಲ' ಅಂದೆ. ಸುಳ್ಳು. ಟೈಮ್ ಬೇಕಾದಷ್ಟಿತ್ತು. ನಾನು ಹನ್ನೆರಡು ಪ್ರಬಂಧಗಳ ಪೀಠಿಕೆ, ಹನ್ನೆರಡು ಮುಕ್ತಾಯ ಉರು ಹೊಡೆದುಕೊಂಡು ಹೋಗಿದ್ದೆ. 'ಇಂದಿನ ಆಧುನಿಕ ಯುಗದಲ್ಲಿ ಇದು ಬಹಳ ಚರ್ಚೆಯ ವಿಷಯ', 'ಪ್ರತಿಯೊಂದು ನಾಣ್ಯಕ್ಕೂ ಎರಡು ಮುಖ', ಈ ಥರದ್ದು. ಪ್ರಶ್ನೆಯನ್ನು ಸರಿಯಾಗಿ ಓದುವ ಮೊದಲೇ ಪೀಠಿಕೆ ಬರೆದು ಮುಗಿಸಿದ್ದೆ. ಅವರು ಕೇಳಿದ್ದು ಒಂದು, ನಾನು ಬರೆದಿದ್ದು ಅದರ ಪಕ್ಕದ ಇನ್ನೊಂದು. ಎಲ್ಲ ಸೇರಿಸಿದ ಸರಾಸರಿ ಚೆನ್ನಾಗಿಯೇ ಇತ್ತು, ಆದರೆ ಪ್ರತಿ ವಿಭಾಗಕ್ಕೂ ಇಷ್ಟು ಅಂತ ಕೇಳುವ ಕಡೆ ಸರಾಸರಿ ಕೈ ಹಿಡಿಯುವುದಿಲ್ಲ. ಒಂದು ವರ್ಷ ಹೋಯಿತು.

ಹಾಗಾಗಿ ಅವಳ ರೈಟಿಂಗ್ ನೋಟ್‌ಬುಕ್ ಕೇಳಿದೆ. ಆ ವಿಭಾಗದ ಎರಡು ಬರಹಗಳಲ್ಲಿ ಎರಡನೆಯದು, ಟಾಸ್ಕ್ 2ರ ಪ್ರಬಂಧ. ಕನಿಷ್ಠ 250 ಪದ ಬೇಕು, ಅವಳು 270 ಬರೆದಿದ್ದಳು. ಪೆನ್ಸಿಲ್ ತಗೊಂಡು, ಯಾವ ವಿಷಯಕ್ಕೆ ಬೇಕಾದರೂ ಅಂಟಿಸಬಹುದಾದ ವಾಕ್ಯಗಳನ್ನೆಲ್ಲ ಗೆರೆ ಹೊಡೆದೆವು. ಇಬ್ಬರೂ ಸೇರಿ. ಕೊನೆಗೆ ಉಳಿದಿದ್ದು 110 ಪದ. ಅವಳದ್ದು ಅಂತ ಇದ್ದಿದ್ದು ಅಷ್ಟೇ. ಆದರೆ ಆ 110 ಪದ ಎಷ್ಟು ಚೆನ್ನಾಗಿದ್ದವು ಗೊತ್ತಾ? ಸಣ್ಣ ವಾಕ್ಯಗಳು, ಒಂದು ಒಳ್ಳೆಯ ಉದಾಹರಣೆ, ಒಂದು ನಿಜವಾದ ಅಭಿಪ್ರಾಯ. ಬಾಡಿಗೆ ಮಾತುಗಳ ಕೆಳಗೆ ಅವೆಲ್ಲ ಹೂತು ಹೋಗಿದ್ದವು.

ಅಂಕ ಹೇಗೆ ಕೊಡುತ್ತಾರೆ ಅನ್ನುವುದು ಗುಟ್ಟಲ್ಲ, ಅವರೇ ಪ್ರಕಟಿಸಿದ್ದಾರೆ. ರೈಟಿಂಗ್‌ಗೆ ನಾಲ್ಕು ಅಳತೆ. ಕೇಳಿದ್ದಕ್ಕೆ ಉತ್ತರ ಬಂದಿದೆಯೇ, ವಿಚಾರಗಳು ಒಂದಕ್ಕೊಂದು ಕೂಡಿಕೊಂಡಿವೆಯೇ, ಪದಗಳ ಬಳಕೆ ಹೇಗಿದೆ, ವ್ಯಾಕರಣ ಹೇಗಿದೆ. ನಾಲ್ಕಕ್ಕೂ ಸಮಾನ ತೂಕ. ಅಂಟಿಸಿದ ಪೀಠಿಕೆ ಮೊದಲನೇ ಅಳತೆಯಲ್ಲೇ ಸೋಲುತ್ತದೆ. ಉತ್ತರ ಪೂರ್ತಿ ಬಾಯಿಪಾಠ ಮಾಡಿದ್ದು ಅಂತ ಸಾಬೀತಾದರೆ ಸೊನ್ನೆ ಕೊಡಬಹುದು ಅನ್ನುವುದೂ ಅದೇ ಪಟ್ಟಿಯಲ್ಲಿದೆ. ಯಾಕೆ ಯಾರೂ ಇದನ್ನು ಮಕ್ಕಳಿಗೆ ಓದಿ ಹೇಳುವುದಿಲ್ಲ?

'ಎಲ್ಲರಿಗೂ ಅಷ್ಟು ಇಂಗ್ಲಿಷ್ ಬರುವುದಿಲ್ಲ, ಕೆಲಸ ಮಾಡಿಕೊಂಡು ಓದುವವರಿಗೆ ಪುರುಸೊತ್ತಿಲ್ಲ, ಟೆಂಪ್ಲೇಟ್ ಅನ್ನುವ ಸಿದ್ಧ ಉತ್ತರ ಒಂದು ಊರುಗೋಲು' ಅಂತ ಹೇಳುವವರಿದ್ದಾರೆ. ಈ ಮಾತು ನನಗೆ ಅರ್ಥವಾಗುತ್ತದೆ. ಹೆದರಿಕೆ ಎಂಥದ್ದು ಅಂತ ನನಗೆ ಗೊತ್ತು. ಪರೀಕ್ಷೆಯ ರೂಪ ತಿಳಿದಿರಬೇಕು, ಅದನ್ನೂ ಒಪ್ಪುತ್ತೇನೆ. ಟಾಸ್ಕ್ 1ಕ್ಕೆ 20 ನಿಮಿಷ, ಟಾಸ್ಕ್ 2ಕ್ಕೆ 40 ನಿಮಿಷ ಇಟ್ಟುಕೊಳ್ಳಬೇಕು, ಟಾಸ್ಕ್ 2ಕ್ಕೆ ಎರಡರಷ್ಟು ತೂಕ ಇದೆ, ಇವನ್ನೆಲ್ಲ ತಿಳಿದೇ ಹೋಗಬೇಕು. ಆದರೆ ರೂಪ ತಿಳಿಯುವುದು ಬೇರೆ, ಮಾತನ್ನೇ ಎರವಲು ತರುವುದು ಬೇರೆ. ಪುರುಸೊತ್ತಿಲ್ಲದವರೇ ನಲವತ್ತು ಸುಳ್ಳು ಕಥೆ ಬಾಯಿಪಾಠ ಮಾಡಬಾರದು. ಅಷ್ಟು ಹೊತ್ತಿನಲ್ಲಿ ತಮ್ಮದೇ ಬದುಕಿನ ಹತ್ತು ವಿಷಯಗಳನ್ನು ಇಂಗ್ಲಿಷಿನಲ್ಲಿ ಹೇಳಿ ಅಭ್ಯಾಸ ಮಾಡಬಹುದು. ಇದರಲ್ಲಿ ನಾನು ಹಿಂದೆ ಸರಿಯುವುದಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಜಾಸ್ತಿ ನೋವು ಕೊಟ್ಟಿತು.

ಅವಳ ಮೇಜಿನ ಮೇಲೆ ಇನ್ನೊಂದು ನೋಟ್‌ಬುಕ್ ಇತ್ತು. ರೀಡಿಂಗ್ ಮಾಕ್ ಟೆಸ್ಟ್‌ಗಳದ್ದು. ದಿನಕ್ಕೊಂದು ಟೆಸ್ಟ್, ಪ್ರತಿ ಪುಟದ ಮೇಲೆ ಕೆಂಪು ಪೆನ್ನಿನಲ್ಲಿ 40ಕ್ಕೆ ಬಂದ ಅಂಕ. 24, 26, 25, 24, 27, 25. ಒಂದು ತಿಂಗಳು ಹೀಗೇ. ಆ ಹುಡುಗಿ ಶ್ರಮ ಪಟ್ಟಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಸುಮ್ನಿರುವುದಿಲ್ಲ. ದಿನಾ ಒಂದು ಗಂಟೆ ಕೂತಿದ್ದಾಳೆ, ಮೂರು ಪ್ಯಾಸೇಜ್ ಓದಿದ್ದಾಳೆ. ಆದರೆ ತಪ್ಪಾದ ಸುಮಾರು 15 ಉತ್ತರಗಳನ್ನು ಒಂದು ದಿನವೂ ತಿರುಗಿ ನೋಡಿಲ್ಲ. ಅಂಕ ಬರೆದು ಪುಟ ತಿರುಗಿಸಿದ್ದಾಳೆ, ಮಾರನೇ ದಿನ ಮತ್ತೆ ಹೊಸ ಟೆಸ್ಟ್. 'ಮಾಡ್ತಾ ಮಾಡ್ತಾ ತಾನಾಗೇ ಬರುತ್ತೆ' ಅಂತ ಹೇಳಿದ್ದಾರಂತೆ.

ತಾನಾಗೇ ಬರುವುದಿಲ್ಲ. ಜ್ವರ ಇದೆಯಾ ಅಂತ ದಿನಾ ಥರ್ಮಾಮೀಟರ್ ಇಟ್ಟು ನೋಡಿದರೆ ಜ್ವರ ಇಳಿಯುತ್ತದೆಯೇ?

ಕೊನೆಯ ಟೆಸ್ಟ್ ತೆಗೆದು ತಪ್ಪುಗಳನ್ನು ಒಂದೊಂದಾಗಿ ನೋಡಿದೆವು. 15ರಲ್ಲಿ ಆರು ತಪ್ಪು ಒಂದೇ ಜಾತಿಯವು. ಟ್ರೂ, ಫಾಲ್ಸ್, ನಾಟ್ ಗಿವನ್. ಅವಳಿಗೆ ಕೊನೆಯ ಎರಡರ ನಡುವಿನ ವ್ಯತ್ಯಾಸವೇ ಗೊಂದಲ. ಹೀಗೆ ಹೇಳಿಕೊಟ್ಟೆ. 'ಸೇತುವೆ ಕಟ್ಟಲು ಮೂರು ವರ್ಷ ಹಿಡಿಯಿತು' ಅಂತ ಪ್ಯಾಸೇಜಿನಲ್ಲಿ ಇದೆ ಅಂದುಕೋ. ಪ್ರಶ್ನೆಯಲ್ಲಿ 'ಒಂದೇ ವರ್ಷದಲ್ಲಿ ಕಟ್ಟಿದರು' ಅಂತಿದ್ದರೆ ಅದು ಫಾಲ್ಸ್, ಯಾಕೆಂದರೆ ಪ್ಯಾಸೇಜ್ ಅದಕ್ಕೆ ವಿರುದ್ಧ ಹೇಳುತ್ತಿದೆ. 'ಅಂದುಕೊಂಡ ಖರ್ಚಿನಲ್ಲೇ ಕಟ್ಟಿದರು' ಅಂತಿದ್ದರೆ? ಖರ್ಚಿನ ಮಾತೇ ಅಲ್ಲಿಲ್ಲ. ಅದು ನಾಟ್ ಗಿವನ್. ನಿನಗೆ ಏನು ಗೊತ್ತು, ನಿನಗೆ ಏನನ್ನಿಸುತ್ತದೆ, ಅದನ್ನು ಅಲ್ಲಿ ಬೆರೆಸಬೇಡ. ಹತ್ತು ನಿಮಿಷ ಸಾಕಾಯಿತು. ಆಮೇಲೆ ಆ ಆರರಲ್ಲಿ ಐದನ್ನು ತಾನೇ ಸರಿ ಮಾಡಿದಳು.

ಇನ್ನು ಮೂರು ತಪ್ಪು, ಎರಡೇ ಪದ ಬರೆಯಿರಿ ಅಂದಲ್ಲಿ ಮೂರು ಬರೆದಿದ್ದಕ್ಕೆ. ಉತ್ತರ ಗೊತ್ತಿದ್ದೂ ಹೋದ ಅಂಕ. ಎರಡು ಸ್ಪೆಲಿಂಗ್. ಉಳಿದ ನಾಲ್ಕು ಮಾತ್ರ ನಿಜಕ್ಕೂ ಅರ್ಥವಾಗದೆ ತಪ್ಪಾದವು. ಅಕಾಡೆಮಿಕ್ ರೀಡಿಂಗ್‌ನಲ್ಲಿ 40ಕ್ಕೆ ಸುಮಾರು 23 ಬಂದರೆ ಬ್ಯಾಂಡ್ 6, ಸುಮಾರು 30 ಬಂದರೆ ಬ್ಯಾಂಡ್ 7. ಒಂದು ತಿಂಗಳಿಂದ ಅವಳನ್ನು ಆ ಕಡೆ ದಾಟಲು ಬಿಡದೆ ಹಿಡಿದಿದ್ದು ಇಂಗ್ಲಿಷ್ ಅಲ್ಲ, ಯಾರೂ ತಿರುಗಿಸಿ ನೋಡದ ಆ ಪುಟಗಳು. ಇದನ್ನು ನೋಡಿ ಅವಳ ಕಣ್ಣಲ್ಲಿ ನೀರು ಬಂತು. ನನಗೂ ಬಂತು.

ಲಿಸನಿಂಗ್ ಕಥೆಯೂ ಹೆಚ್ಚು ಕಡಿಮೆ ಇದೇ. ಪರೀಕ್ಷೆಯಲ್ಲಿ ರೆಕಾರ್ಡಿಂಗ್ ಒಂದೇ ಸಲ ಕೇಳಿಸುತ್ತಾರೆ, ಹಾಗಾಗಿ ಅಭ್ಯಾಸದಲ್ಲೂ ಒಂದೇ ಸಲ ಕೇಳಿ ಬಿಟ್ಟುಬಿಡುತ್ತಾಳೆ. ಅಯ್ಯೋ, ಅಭ್ಯಾಸ ಇರುವುದೇ ಹತ್ತು ಸಲ ಕೇಳುವುದಕ್ಕೆ ಅಲ್ವಾ? ಎರಡನೇ ಸಲ ನನಗೆ ಕೈ ಹಿಡಿದಿದ್ದು ಇದೇ. ಒಂದು ನಿಮಿಷದ ತುಣುಕು ತಗೊಂಡು, ನಿಲ್ಲಿಸಿ ನಿಲ್ಲಿಸಿ, ಕೇಳಿದ್ದನ್ನೆಲ್ಲ ಬರೆದು, ಆಮೇಲೆ ಅಚ್ಚಾದ ಮಾತಿನ ಜೊತೆ ಹೋಲಿಸುತ್ತಿದ್ದೆ. ಬಹುವಚನದ 'ಎಸ್' ನನಗೆ ಕೇಳಿಸುತ್ತಲೇ ಇರಲಿಲ್ಲ ಅಂತ ಆಗಲೇ ಗೊತ್ತಾಗಿದ್ದು. ಮಾತಾಡುವವರು ಮೊದಲು ಗುರುವಾರ ಅಂದು, ಆಮೇಲೆ 'ಇಲ್ಲ ಇಲ್ಲ, ಶುಕ್ರವಾರ' ಅಂತ ತಿದ್ದಿಕೊಳ್ಳುತ್ತಾರೆ. ನಾನು ಪ್ರತಿ ಸಲ ಗುರುವಾರಕ್ಕೇ ಬೀಳುತ್ತಿದ್ದೆ. ಅದು ಸರಿಹೋಗಿದ್ದು ನನ್ನ ತಪ್ಪಿನ ಪಕ್ಕದಲ್ಲೇ ಕೂತಾಗ, ಇನ್ನೊಂದು ಟೆಸ್ಟ್ ಮಾಡಿದಾಗ ಅಲ್ಲ.

ಉಚ್ಚಾರಣೆ ಬಗ್ಗೆ ಒಂದೇ ಮಾತು. ಬೇರೆ ದೇಶದವರ ಹಾಗೆ ನಾಲಿಗೆ ತಿರುಗಿಸಬೇಕಾಗಿಲ್ಲ. ಹೇಳಿದ್ದು ಸ್ಪಷ್ಟವಾಗಿ ಅರ್ಥವಾಗಬೇಕು, ಮುಖ್ಯವಾಗಿ ನೋಡುವುದು ಅದನ್ನೇ. ದಯವಿಟ್ಟು ಮಕ್ಕಳ ದನಿಯನ್ನೂ ಕಿತ್ತುಕೊಳ್ಳಬೇಡಿ.

ರಾತ್ರಿ ಊಟ ಆದ ಮೇಲೆ ಅವಳನ್ನು ಮತ್ತೆ ಕೂರಿಸಿಕೊಂಡೆ. "ಅದೇ ಕಾರ್ಡ್. ಈ ಸಲ ನಿನ್ನ ತಾತ. ಮೊದಲು ಕನ್ನಡದಲ್ಲಿ ಹೇಳು" ಅಂದೆ. ಹೇಳಿದಳು. ನಾನು ಮರೆತಿದ್ದೆಲ್ಲ ಅವಳಿಗೆ ನೆನಪಿತ್ತು. ಆಮೇಲೆ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಇಂಗ್ಲಿಷಿನಲ್ಲಿ ಹೇಳಿಸಿದೆ.

ನಿಧಾನಕ್ಕೆ ಶುರು ಮಾಡಿದಳು. ಎರಡು ಸಲ ನಿಂತಳು. ಭೂತಕಾಲ ಹೇಳಬೇಕಾದಲ್ಲಿ ವರ್ತಮಾನ ಹೇಳಿದಳು. ತಾತನಿಗೆ ಕಣ್ಣು ಮಂಜಾದ ಮೇಲೆ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಿದ್ದು ತಾನೇ ಅಂತ ಹೇಳಲು ಹೋದಳು. ಪೋಣಿಸುವುದಕ್ಕೆ ಇಂಗ್ಲಿಷ್ ಪದ ಗೊತ್ತಿರಲಿಲ್ಲ. ಒಂದು ಕ್ಷಣ ನನ್ನ ಮುಖ ನೋಡಿದಳು. ನಾನು ಹೇಳಿಕೊಡಲಿಲ್ಲ. ಆಗ ಅವಳೇ, ತಾತನಿಗೆ ಸೂಜಿಯ ಸಣ್ಣ ತೂತು ಕಾಣುತ್ತಿರಲಿಲ್ಲ, ಅದರೊಳಗೆ ದಾರ ಹಾಕುವುದು ನನ್ನ ಕೆಲಸವಾಗಿತ್ತು ಅಂತ ಗೊತ್ತಿರುವ ಸುಲಭ ಪದಗಳಲ್ಲಿ ಹೇಳಿಬಿಟ್ಟಳು. ಗೊತ್ತಿಲ್ಲದ ಪದವನ್ನು ಹೀಗೆ ಸುತ್ತಿ ಬಂದು ಹೇಳುವುದಕ್ಕೂ ಪರೀಕ್ಷೆಯಲ್ಲಿ ಬೆಲೆ ಇದೆ, ಅದೂ ಅವರೇ ಪ್ರಕಟಿಸಿದ ಸ್ಪೀಕಿಂಗ್ ಪಟ್ಟಿಯಲ್ಲೇ ಇದೆ. ಆ ನಲವತ್ತು ಉತ್ತರಗಳಲ್ಲಿ ಇದನ್ನು ಕಲಿಯಲು ಜಾಗವೇ ಇಲ್ಲ.

"ಹತ್ತು ಸೂಜಿಗೆ ಹತ್ತು ಬಣ್ಣದ ದಾರ ಹಾಕಿ ಇಟ್ಟು ಶಾಲೆಗೆ ಹೋಗ್ತಿದ್ದೆ, ನಾನು ವಾಪಸ್ ಬರುವವರೆಗೂ ತಾತನಿಗೆ ಸಾಕಾಗಲಿ ಅಂತ." ಇದನ್ನೂ ಇಂಗ್ಲಿಷಿನಲ್ಲೇ ಹೇಳಿದಳು. ತಪ್ಪುಗಳಿದ್ದವು. ಅವನ್ನು ಇವತ್ತು ಸಂಜೆ ಅದೇ ರೆಕಾರ್ಡಿಂಗ್ ಕೇಳುತ್ತಾ ಒಂದೊಂದಾಗಿ ಬರೆದುಕೊಳ್ಳುತ್ತೇವೆ.

ನಾನು ಕೊನೆಗೆ ಪ್ರಶ್ನೆ ಕೇಳಿದೆ. ತಾತನಿಗೆ ಇಷ್ಟವಾದ ಬಣ್ಣ ಯಾವುದಿತ್ತು?

ಅವಳು ತಡಮಾಡಲಿಲ್ಲ. "ನೀಲಿ. ಯಾಕೆ ಅಂತಾನೂ ಹೇಳ್ಲಾ?" ಅಂದಳು.