ಬೆಳ್ಳಿ ಅಂದ್ರೆ ಹಸುವಿನ ಹೆಸರಲ್ವಾ?

ಹೋದ ತಿಂಗಳು ತಮ್ಮನ ಮಗಳ ನಾಮಕರಣ ಇತ್ತು. 'ರ' ಅಕ್ಷರದಲ್ಲಿ ಹೆಸರು ಇಡಿ ಅಂತ ಜೋಯಿಸರು ಹೇಳಿದ್ದೇ ತಡ, ಮನೆಮಂದಿಯೆಲ್ಲ ಮೊಬೈಲ್ ಹಿಡಿದು ಕೂತರು. ಯಾವುದೋ ವೆಬ್‌ಸೈಟಿನಲ್ಲಿ 'ರಜನಿ ಅಂದರೆ ಬೆಳ್ಳಿ' ಅಂತ ಬರೆದಿತ್ತು. ಅಲ್ಲ ಮಾರಾಯ್ರೇ, ರಜನಿ ಅಂದರೆ ರಾತ್ರಿ! ಬೆಳ್ಳಿಗೆ ರಜತ ಅಂತಾರೆ. ಕೇಳಿಸಿಕೊಂಡು ಸುಮ್ನೆ ಇರಬೇಕಿತ್ತು, ಆಗಲಿಲ್ಲ. "ಬೆಳ್ಳಿಯ ಅರ್ಥವೇ ಬೇಕಿದ್ದರೆ ಬೆಳ್ಳಿ ಅಂತಲೇ ಇಡಿ, ಕೂಗೋಕೂ ಸುಲಭ" ಅಂದುಬಿಟ್ಟೆ. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ತಮ್ಮ, "ಅದು ಹಸುವಿನ ಹೆಸರಲ್ವಾ?" ಅಂದ.

ಹೌದು, ನಮ್ಮ ಹಟ್ಟಿಯಲ್ಲಿ ಬೆಳ್ಳಿ ಅನ್ನೋ ಬಿಳಿ ಹಸು ಇತ್ತು, ಒದೆಯೋದರಲ್ಲಿ ನಿಸ್ಸೀಮ. ಅದಕ್ಕೇನೀಗ? ರಜತ ಅಂದರೆ ಹುಡುಗನಿಗೆ ಚಂದ, ಬೆಳ್ಳಿ ಅಂದರೆ ಹಸುವಿಗೆ ಚಂದ, ಈ ಲೆಕ್ಕ ಯಾರು ಹಾಕಿದ್ದು? ಎರಡೂ ಪದ ಬಿಡಿಸಿ ನೋಡಿದರೆ ಒಳಗಿರೋದು ಒಂದೇ ಬಣ್ಣ.

ನಾಮಕರಣದ ಹಿಂದಿನ ಸಂಜೆ ಅಮ್ಮ ಬೀರುವಿನಿಂದ ಬೆಳ್ಳಿ ಸಾಮಾನು ಇಳಿಸಿದಳು. ಎರಡು ಲೋಟ, ಕುಂಕುಮದ ಬಟ್ಟಲು, ನಾನು ಕೂಸಾಗಿದ್ದಾಗ ಹಾಕಿದ್ದ ಉಡಿದಾರ. ಎಲ್ಲಾ ಕಪ್ಪಗಾಗಿದ್ದವು. ಗಾಳಿಯಲ್ಲಿರುವ ಗಂಧಕದ ಅಂಶ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ, ಅದು ತುಕ್ಕಲ್ಲ. ಅಮ್ಮ ವಿಭೂತಿ ಪುಡಿ ಮಾಡಿ, ಹಳೆಯ ಪಂಚೆಯ ಚೂರಿನಲ್ಲಿ ತಿಕ್ಕುತ್ತಾ ಕೂತಳು. ಉಡಿದಾರದ ಕೊಂಡಿಗಳ ಸಂದಿಗೆ ಹಲ್ಲುಜ್ಜುವ ಬ್ರಷ್ಷು. ಬೆರಳು ಕಪ್ಪಾದಷ್ಟೂ ಲೋಟ ಬೆಳ್ಳಗಾಯಿತು. "ಹೂಂ, ಈಗ ಬೆಳ್ಳಿ ಥರ ಆಯ್ತು" ಅಂದಳು.

ಅವಳಿಗೆ ಗೊತ್ತಿಲ್ಲದೆ ನಿಘಂಟಿನ ಮಾತನ್ನೇ ಹೇಳಿದಳು. ಬೆಳ್ ಅಂದರೆ ಬಿಳುಪು, ಹೊಳಪು. ಬಿಳಿ, ಬೆಳಕು, ಬೆಳಗು, ಬೆಳ್ಳಗೆ, ಬೆಳ್ಳಿ ಎಲ್ಲವೂ ಒಂದೇ ಬಳ್ಳಿಯ ಕಾಯಿಗಳು. ಬೆಳ್ ಮತ್ತು ತಿಂಗಳು ಸೇರಿ ಬೆಳ್ದಿಂಗಳು, ಬೆಳ್ ಮತ್ತು ಉಳ್ಳಿ ಸೇರಿ ಬೆಳ್ಳುಳ್ಳಿ. ಅಂದರೆ ಒಗ್ಗರಣೆಗೆ ಜಜ್ಜಿ ಹಾಕೋ ಬೆಳ್ಳುಳ್ಳಿಯೂ ಬೆಳ್ಳಿಯ ಖಾಸಾ ನೆಂಟ. ಬೆಣ್ಣೆಯೂ ಅಷ್ಟೇ, ತಮಿಳಿನವರು ವೆಣ್ಣೆಯ್ ಅನ್ನೋದು ಕೇಳಿ, 'ಬಿಳಿ ನೆಯ್', ಅಂದರೆ ಬಿಳಿ ಜಿಡ್ಡು ಅಂತ ಪದ ತಾನೇ ಬಿಚ್ಚಿಕೊಳ್ಳುತ್ತದೆ. ಶ್ರವಣಬೆಳಗೊಳದ ಬೆಳಗೊಳ ಬಿಳಿಯ ಕೊಳ, ಸಂಸ್ಕೃತದಲ್ಲಿ ಅದೇ ಊರು ಧವಳಸರೋವರ.

ತಮಿಳು, ಮಲಯಾಳದಲ್ಲಿ ಬೆಳ್ಳಿಗೆ ವೆಳ್ಳಿ, ತೆಲುಗಿನಲ್ಲಿ ವೆಂಡಿ, ತುಳುವಿನಲ್ಲಿ, ಕೊಡವ ತಕ್ಕ್‌ನಲ್ಲಿ ಬೊಳ್ಳಿ. ತಮಿಳು, ಮಲಯಾಳದವರು 'ವಾ' ಅಂದರೆ ನಾವು 'ಬಾ', ಅವರ 'ವೇರ್' ನಮಗೆ 'ಬೇರು', ಅದೇ ದಾರಿಯಲ್ಲಿ ವೆಳ್ಳಿ ನಮ್ಮಲ್ಲಿ ಬೆಳ್ಳಿ. ಇನ್ನೊಂದು ಚಂದದ ವಿಷಯ, ಬೆಳ್ಳಿ ಅಂದರೆ ಶುಕ್ರ ಗ್ರಹವೂ ಹೌದು. 'ಬೆಳ್ಳಿ ಮೂಡೋ ಹೊತ್ತಿಗೆ ಎದ್ದು ಗಾಡಿ ಕಟ್ತಿದ್ವಿ' ಅಂತ ಅಜ್ಜ ಹೇಳುತ್ತಿದ್ದರು. ಚಿಕ್ಕವನಿದ್ದಾಗ ನಾನು ಆಕಾಶದಲ್ಲಿ ನಿಜವಾದ ಬೆಳ್ಳಿ ಇದೆ ಅಂತಲೇ ನಂಬಿದ್ದೆ. ತಮಿಳಿನವರು ಶುಕ್ರವಾರವನ್ನು ಇವತ್ತಿಗೂ ವೆಳ್ಳಿಕ್ಕಿಳಮೈ ಅಂತಾರೆ. ಇಷ್ಟೆಲ್ಲ ತುಂಬಿಕೊಂಡಿರೋ ಪದವನ್ನು ಹಸುವಿಗೆ ಬಿಟ್ಟುಕೊಟ್ಟು ಕೂತಿದ್ದೇವೆ.

ಹಾಗಂತ ರಜತದ ಮೇಲೆ ನನಗೇನೂ ಸಿಟ್ಟಿಲ್ಲ. ಅದರ ಮೂಲದಲ್ಲಿರೋದೂ ಬಿಳಿ, ಹೊಳಪು ಅನ್ನೋ ಅರ್ಥವೇ. ಲ್ಯಾಟಿನ್ನಿನ ಅರ್ಜೆಂಟಮ್ ಅದರ ದೂರದ ಅಣ್ಣ, ರಸಾಯನಶಾಸ್ತ್ರದಲ್ಲಿ ಬೆಳ್ಳಿಗೆ 'ಎಜಿ' ಅಂತ ಬರೆಯೋದು ಅದರಿಂದಲೇ. ಅರ್ಜೆಂಟೀನಾ ದೇಶದ ಹೆಸರೂ ಅಲ್ಲಿಂದಲೇ ಬಂತು. ನಮ್ಮ ಅರ್ಜುನನೂ ಇದೇ ಮನೆತನದವನು! ಅರ್ಜುನ ಅಂದರೆ ಬಿಳಿ, ಬೆಳ್ಳಗೆ ಹೊಳೆಯುವವನು. ಋಗ್ವೇದದಲ್ಲಿ ಹಗಲಿಗೆ ಅರ್ಜುನ, ಇರುಳಿಗೆ ಕೃಷ್ಣ ಅನ್ನೋ ಮಾತು ಬರುತ್ತದೆ. ಒಂದೇ ರಥದಲ್ಲಿ ಕರಿಯ, ಬಿಳಿಯ. ಹೊಳೆಮತ್ತಿ ಮರಕ್ಕೆ ಅರ್ಜುನ ಅಂತ ಹೆಸರಿರೋದೂ ಅದರ ಬಿಳಿ ತೊಗಟೆಗೇ. ಅಂದರೆ ಮಗನಿಗೆ ಅರ್ಜುನ ಅಂತ ಇಟ್ಟವರು ಹೆಚ್ಚೂಕಡಿಮೆ 'ಬೆಳ್ಳಿಯಪ್ಪ' ಅಂತಲೇ ಇಟ್ಟ ಹಾಗಾಯ್ತು. ಕೊಡಗಿನವರು ಬೆಳ್ಳಿಯಪ್ಪ ಅಂತ ನೇರವಾಗಿಯೇ ಇಡುತ್ತಾರೆ, ನಾಚಿಕೆ ಮುಜುಗರ ಏನಿಲ್ಲ.

ಊರ ಹೆಸರುಗಳಲ್ಲೂ ಈ ಆಟ ನಡೆದಿದೆ. ಉಡುಪಿಗೆ ರಜತಪೀಠಪುರ ಅಂತ ದೊಡ್ಡ ಹೆಸರು. ಅಲ್ಲಿಯ ಶಿವಳ್ಳಿಯನ್ನು 'ಶಿವಬೆಳ್ಳಿ' ಅಂತ ಬಿಡಿಸಿ ಹೇಳುವ ರೂಢಿಯೂ ಇದೆ. ನನಗೇನೋ ಅದರಲ್ಲಿ ಬೆಳ್ಳಿಗಿಂತ ಹಳ್ಳಿಯೇ ಜಾಸ್ತಿ ಕೇಳಿಸುತ್ತದೆ. ಉಡುಪಿಯವರು ಜಗಳಕ್ಕೆ ಬರಬೇಡಿ.

ರೂಪಾಯಿ ಕಥೆ ಬೇರೆ. ಸಂಸ್ಕೃತದ ರೂಪ್ಯಕ್ಕೆ ಮುದ್ರೆ ಒತ್ತಿದ್ದು ಅಂತ ಅರ್ಥ, ಆಮೇಲೆ ಬೆಳ್ಳಿ ಅಂತಲೂ ಆಯಿತು. 1540ರಿಂದ 1545ರವರೆಗೆ ಆಳಿದ ಶೇರ್ ಶಾ ಸೂರಿ ಸುಮಾರು ಹನ್ನೊಂದೂವರೆ ಗ್ರಾಂ ತೂಕದ ಬೆಳ್ಳಿಯ ರುಪಿಯಾ ಹೊರಡಿಸಿದ. ಈಗಿನ ಒಂದು ರೂಪಾಯಿ ನಾಣ್ಯ ಸ್ಟೀಲಿನದು, ಬೆಳ್ಳಿ ಉಳಿದಿರೋದು ಹೆಸರಲ್ಲಿ ಮಾತ್ರ. ಫ್ರೆಂಚರಿಗೆ ಬೆಳ್ಳಿಗೂ ದುಡ್ಡಿಗೂ ಒಂದೇ ಪದ. ನಮ್ಮಲ್ಲಿ ಹಾಗಾಗಲಿಲ್ಲ, ಯಾಕಂದರೆ ನಮ್ಮ ಕಡೆ ದುಡ್ಡು ಅಂದರೆ ಚಿನ್ನ. ಹಣ ಅನ್ನೋದೇ ಒಂದು ಪುಟಾಣಿ ಚಿನ್ನದ ನಾಣ್ಯ, ಮೈಸೂರಿನ ಕಂಠೀರಾಯ ಹಣ ಅಂಗೈಯಲ್ಲಿಟ್ಟು ಉಸಿರು ಬಿಟ್ಟರೆ ಹಾರಿಹೋಗುವಷ್ಟು ಚಿಕ್ಕದು. ವಿಜಯನಗರದಲ್ಲಿ ಬೆಳ್ಳಿಗೆ ಸಿಕ್ಕಿದ್ದು ಚಿಲ್ಲರೆಯ ಜಾಗ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಝಾಕ್ 'ತಾರ' ಅನ್ನೋ ಬೆಳ್ಳಿ ನಾಣ್ಯದ ಬಗ್ಗೆ ಬರೆದಿದ್ದಾನೆ, ಆರು ತಾರ ಕೊಟ್ಟರೆ ಒಂದು ಹಣ.

ಇನ್ನು ಇಂಗ್ಲಿಷಿನ ಸಿಲ್ವರ್. ಅದು ನಮ್ಮ ಅಡುಗೆಮನೆಗೆ ಬಂದು ಪಟ್ಟ ಪಾಡು ಯಾರಿಗೂ ಬೇಡ. ನಮ್ಮ ಮನೆಯಲ್ಲಿ 'ಸಿಲ್ವರ್ ಪಾತ್ರೆ' ಅಂದರೆ ಅಲ್ಯೂಮಿನಿಯಂ. ನೀರು ಕಾಯಿಸುವ ತಳ ನೆಗ್ಗಿದ ಡಬರಿ, ಮಸಿ ಹಿಡಿದ ಅನ್ನದ ತಪ್ಪಲೆ, ಎಲ್ಲಾ ಸಿಲ್ವರ್ರೇ. ಇನ್ನು ಜರ್ಮನ್ ಸಿಲ್ವರ್ ಅಂತ ಪೂಜಾ ಸಾಮಾನಿನ ಅಂಗಡಿಯಲ್ಲಿ ಮಾರುತ್ತಾರಲ್ಲ, ಅದು ತಾಮ್ರ, ನಿಕ್ಕಲ್, ಸತು ಸೇರಿಸಿ ಮಾಡಿದ್ದು. ಹುಡುಕಿದರೂ ಒಂದು ಗುಂಜಿ ಬೆಳ್ಳಿ ಸಿಗಲ್ಲ.

ಮಗುವಿಗೆ ಕೊನೆಗೆ ಯಾವ ಹೆಸರಿಟ್ಟರು ಅಂತ ಇಲ್ಲಿ ಬರೆಯಲ್ಲ, ತಮ್ಮ ಬೈತಾನೆ. ಬಂದವರಲ್ಲಿ ಯಾರೋ ಮಿರಮಿರ ಮಿಂಚುವ ತಟ್ಟೆಯೊಂದನ್ನು ಉಡುಗೊರೆ ಕೊಟ್ಟಿದ್ದರು, ಡಬ್ಬಿಯ ಮೇಲೆ ದೊಡ್ಡದಾಗಿ 'ಸಿಲ್ವರ್' ಅಂತ ಅಚ್ಚಾಗಿತ್ತು. ರಾತ್ರಿ ಎಲ್ಲರೂ ಹೋದ ಮೇಲೆ ಅಮ್ಮ ಅದನ್ನು ಕೈಯಲ್ಲಿ ತೂಗಿ, ತಿರುಗಿಸಿ, ಉಗುರಿನಿಂದ ಒಮ್ಮೆ ಟಣ್ ಅಂತ ಬಡಿದು ನೋಡಿದಳು. "ಬೆಳ್ಳಿ ಅಲ್ಲ ಬಿಡು, ಸಿಲ್ವರ್ರು" ಅಂದು ಅಟ್ಟಕ್ಕೆ ಹಾಕಿಸಿದಳು.